ಒಂದೇ ಮೀನು, ಎರಡು ಬಾಳು

ಒಂದು ಪುಟ್ಟದು, ಮೈಮೇಲೆ ಗುಲಾಬಿ ಪಟ್ಟೆ.
ಇನ್ನೊಂದು ತೋಳುದ್ದ, ಬೆಳ್ಳಿ ಬಣ್ಣ.
ಎರಡೂ ಒಂದೇ ಜಾತಿ ಅಂದ್ರೆ ನಂಬ್ತೀರಾ?

ಪುಟ್ಟದು ರೇನ್‌ಬೋ ಟ್ರೌಟ್, ದೊಡ್ಡದು ಸ್ಟೀಲ್‌ಹೆಡ್.
ಅಣ್ಣ-ತಮ್ಮ ಇದ್ದ ಹಾಗೆ:
ಒಬ್ಬ ಊರಲ್ಲೇ ಉಳಿದ,
ಇನ್ನೊಬ್ಬ ದೂರ ಹೋಗಿ, ದಷ್ಟಪುಷ್ಟನಾಗಿ ಬಂದ.

ಅಮೆರಿಕದ ಮಿಷಿಗನ್‌ಗೆ ಈ ಮೀನನ್ನ ತಂದು ಬಿಟ್ಟಿದ್ದು 1876ರಲ್ಲಿ,
ಕ್ಯಾಲಿಫೋರ್ನಿಯಾದಿಂದ.
ಈಗ ಪ್ರತಿ ವಸಂತದಲ್ಲೂ,
ಹಿಮ ಕರಗಿ ನೀರು ತುಸು ಬೆಚ್ಚಗಾದಾಗ,
ಸ್ಟೀಲ್‌ಹೆಡ್ ಮಹಾಸರೋವರ ಬಿಟ್ಟು
ಮೊಟ್ಟೆ ಇಡೋಕೆ ಪೇರ್ ಮಾರ್ಕೆಟ್‌ನಂಥ ನದಿಗಳನ್ನ ಏರುತ್ತೆ.

ಇಲ್ಲಿ ನೋಡಿ!
ಹೆಣ್ಣು ಮೀನು ಮಗ್ಗುಲಾಗಿ, ಬಾಲ ಬಡಿದು,
ಜಲ್ಲಿಯಲ್ಲಿ ಗುಳಿ ತೋಡ್ತಿದೆ.
ಪಾಚಿ ತೊಳೆದುಹೋಗಿ ಕಲ್ಲು ಬೆಳ್ಳಗಾಗಿದೆ.
ಅದರಡಿ ಮೊಟ್ಟೆ.
ದಯವಿಟ್ಟು ಅಲ್ಲಿ ಕಾಲಿಡಬೇಡಿ,
ಗಾಳವನ್ನೂ ಹಾಕಬೇಡಿ.

ಗಾಳವನ್ನ ಆ ಗುಳಿ ದಾಟಿ, ನೀರು ಹರಿಯೋ ಕಡೆಯ ಆಳಕ್ಕೆ ಹಾಕಿ.
ತೇಲಿ ಬರೋ ಮೊಟ್ಟೆ ತಿನ್ನೋಕೆ
ಟ್ರೌಟ್ ಅಲ್ಲೇ ಕಾದಿರುತ್ತೆ.