ಅಂಗನವಾಡಿಯಲ್ಲಿ ಕನ್ನಡ: ಟೀಚರಿಗೆ ಆನ್‌ಲೈನ್ ನೆರವು, ನಮಗೆ ಒಂದಿಷ್ಟು ಕೆಲಸ

ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಒಂದನೇ ತರಗತಿಗೆ ಮಕ್ಕಳು ಸಿಗುತ್ತಿಲ್ಲ ಎಂಬ ಮಾತು ನಮ್ಮ ಸಭೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಆದರೆ ಎಷ್ಟೋ ಮನೆಗಳಲ್ಲಿ ಈ ತೀರ್ಮಾನ ಮಗುವಿನ ಮೂರನೇ ವರ್ಷಕ್ಕೇ ಆಗಿಬಿಡುತ್ತದೆ. ಅಂಗನವಾಡಿಯಲ್ಲಿ ಹಾಡು, ಎಣಿಕೆ, ಮೊದಲ ಅಕ್ಷರ ಯಾವ ಭಾಷೆಯಲ್ಲಿ ಕಲಿತರೋ ಆ ಭಾಷೆಯ ಶಾಲೆಯೇ ಮಗುವಿಗೆ ಸುಲಭವೆಂದು ತಂದೆತಾಯಿಗಳು ಭಾವಿಸುತ್ತಾರೆ.

ಕಾನೂನಿನಲ್ಲೂ ಇಲ್ಲೊಂದು ಸಂದು ಇದೆ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಸಲು ಸೌಲಭ್ಯ ಕೊಡಬೇಕೆನ್ನುವ ಸಂವಿಧಾನದ 350ಎ ವಿಧಿ ಹೇಳುವುದು ಪ್ರಾಥಮಿಕ ಹಂತದ ಬಗ್ಗೆ. ಅಂಗನವಾಡಿ ಅದಕ್ಕಿಂತ ಮುಂಚಿನ ಹಂತ. 1975ರ ಅಕ್ಟೋಬರ್ 2ರಂದು ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಡಿಯಲ್ಲಿ ಅದು ನಡೆಯುತ್ತದೆ, ಶಿಕ್ಷಣ ಇಲಾಖೆಯದಲ್ಲ. ಟೀಚರ್ ಕನ್ನಡದವರೇ ಆದರೂ ಅವರಿಗೆ ತರಬೇತಿ ಸಾಮಾನ್ಯವಾಗಿ ಆಯಾ ರಾಜ್ಯದ ಭಾಷೆಯಲ್ಲೇ ಸಿಗುತ್ತದೆ. ಮನೆಮಾತಿನಲ್ಲಿ ಕಲಿಸಲು ಬೇಕಾದ ಸಾಮಗ್ರಿಯನ್ನು ಅವರೇ ಹುಡುಕಿಕೊಳ್ಳಬೇಕಾಗುತ್ತದೆ.

ಈ ಕೊರತೆಯನ್ನು ಸ್ವಲ್ಪ ಮಟ್ಟಿಗೆ ಮೊಬೈಲ್ ತುಂಬಬಲ್ಲದು. ಮುಖ್ಯವಾಗಿ ಮೂರು ನೆರವುಗಳನ್ನು ಇಲ್ಲಿ ಹೇಳುತ್ತೇವೆ. ಮೂರೂ ಉಚಿತ.

ಮೊದಲನೆಯದು 2017ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ದೀಕ್ಷಾ. ಇದರಲ್ಲಿ ರಾಜ್ಯ ಅಥವಾ ಮಂಡಳಿ, ಮಾಧ್ಯಮ, ತರಗತಿ ಎಂದು ಆರಿಸಬೇಕು. ಮಂಜೇಶ್ವರದ ಟೀಚರ್ ಕೇರಳ ಎಂದಷ್ಟೇ ಒತ್ತಿದರೆ ಕರ್ನಾಟಕದ ಸಾಮಗ್ರಿ ಎದುರಿಗೆ ಬರುವುದಿಲ್ಲ. ಕರ್ನಾಟಕ ಮತ್ತು ಕನ್ನಡ ಮಾಧ್ಯಮ ಎಂದು ಆರಿಸಿದರೆ ಬರುತ್ತದೆ. ಹಾಗೆ ಆರಿಸಲು ಕರ್ನಾಟಕದಲ್ಲೇ ಇರಬೇಕೆಂದಿಲ್ಲ. ಬುನಾದಿ ಕಲಿಕೆಗಾಗಿ ರೂಪಿಸಿದ ನಿಷ್ಠಾ 3.0 ತರಬೇತಿಯಲ್ಲಿ 12 ಕೋರ್ಸುಗಳಿವೆ. ಬಾಲವಾಟಿಕಾ, ಬಹುಭಾಷಾ ಕಲಿಕೆ, ಆಟಿಕೆಗಳ ಮೂಲಕ ಕಲಿಕೆ ಎಂಬ ವಿಷಯಗಳು ನಮ್ಮ ಟೀಚರುಗಳಿಗೆ ನೇರವಾಗಿ ಉಪಯೋಗಕ್ಕೆ ಬರುವಂಥವು.

ಎರಡನೆಯದು ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್. ಕನ್ನಡದ ಚಿತ್ರಕಥೆಗಳು ಓದುವ ಮಟ್ಟದ ಪ್ರಕಾರ ಜೋಡಿಸಿ ಸಿಗುತ್ತವೆ. ಇಳಿಸಿಕೊಂಡು ಮುದ್ರಿಸಬಹುದು, ಬೇರೆ ಭಾಷೆಗೆ ಅನುವಾದಿಸಲೂ ಅವಕಾಶವಿದೆ. ಮನೆಯಲ್ಲಿ ತುಳು ಅಥವಾ ಬಡಗ ಮಾತನಾಡುವ ಮಗುವಿಗೆ ಅದೇ ಚಿತ್ರ ತೋರಿಸಿ ಮನೆಯ ಮಾತಿನಲ್ಲಿ ಕಥೆ ಹೇಳಿ, ಆಮೇಲೆ ಕನ್ನಡಕ್ಕೆ ಬರಬಹುದು.

ಮೂರನೆಯದು ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ 'ಪೋಷಣ್ ಭೀ ಪಢಾಯಿ ಭೀ' ಕಾರ್ಯಕ್ರಮ. 2023ರ ಮೇನಲ್ಲಿ ಶುರುವಾದ ಇದರ ಪ್ರಕಾರ ಅಂಗನವಾಡಿಯಲ್ಲಿ ದಿನಕ್ಕೆ ಕನಿಷ್ಠ 2 ಗಂಟೆ ಶಾಲಾಪೂರ್ವ ಕಲಿಕೆ ನಡೆಯಬೇಕು. 3ರಿಂದ 6 ವರ್ಷದವರಿಗೆ 'ಆಧಾರಶಿಲಾ' ಎಂಬ ಪಠ್ಯಕ್ರಮ, ಅದಕ್ಕಿಂತ ಚಿಕ್ಕವರಿಗೆ 'ನವಚೇತನಾ' ಎಂಬ ಮಾರ್ಗದರ್ಶಿ ಬಂದಿವೆ. ಆ 2 ಗಂಟೆ ಯಾವ ಭಾಷೆಯಲ್ಲಿ ಕಳೆಯುತ್ತದೆ ಎಂಬುದೇ ನಮ್ಮ ಪ್ರಶ್ನೆ.

ಕೇಳಲು ನಮ್ಮ ಕೈಯಲ್ಲಿ ಆಧಾರವಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮನೆಮಾತಿನಲ್ಲಿ ಕಲಿಕೆಯನ್ನು ಒತ್ತಿ ಹೇಳುತ್ತದೆ. 3ರಿಂದ 8 ವರ್ಷದವರಿಗಾಗಿ 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೂ ಅದನ್ನೇ ಹೇಳುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ 11ನೇ ಕಲಂ 3ರಿಂದ 6 ವರ್ಷದವರ ಶಾಲಾಪೂರ್ವ ಶಿಕ್ಷಣವನ್ನು ಪ್ರಸ್ತಾಪಿಸುತ್ತದೆ. ಅಂಗನವಾಡಿ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಗ್ರಾಚ್ಯುಟಿ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 2022ರ ಏಪ್ರಿಲ್ 25ರಂದು ತೀರ್ಪು ಕೊಟ್ಟಾಗ ಈ ಕಲಮನ್ನೂ ಗಮನಿಸಿತ್ತು. ಟೀಚರುಗಳು ತಮ್ಮ ಗ್ರಾಚ್ಯುಟಿ ಕೇಳುವಾಗಲೂ ಈ ತೀರ್ಪು ನೆನಪಿನಲ್ಲಿರಲಿ.

ಮನವಿ ಬರೆಯುವಾಗ ಭಾವನೆಯ ಮಾತಿಗಿಂತ ಲೆಕ್ಕ ಮುಂದಿರಲಿ. ಕೇಂದ್ರದಲ್ಲಿ ಎಷ್ಟು ಮಕ್ಕಳು, ಎಷ್ಟು ಮನೆಗಳಲ್ಲಿ ಕನ್ನಡ, ಪೋಷಕರ ಸಹಿ – ಇಷ್ಟು ಒಂದು ಹಾಳೆಯಲ್ಲಿ ಸಾಕು. ಬೇಡಿಕೆಯೂ ನಿರ್ದಿಷ್ಟವಾಗಿರಲಿ: ಕನ್ನಡ ಬಲ್ಲ ಟೀಚರ್, ಕನ್ನಡದ ಕಲಿಕಾ ಸಾಮಗ್ರಿ, ಕನ್ನಡದಲ್ಲಿ ತರಬೇತಿ. ಮೊದಲು ಪಂಚಾಯಿತಿಗೆ ಮತ್ತು ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ, ಆಮೇಲೆ ಜಿಲ್ಲಾಧಿಕಾರಿಗೆ ಕೊಡಿ. ಅಲ್ಲೂ ಉತ್ತರ ಬಾರದಿದ್ದರೆ 350ಬಿ ವಿಧಿಯಡಿ ನೇಮಕವಾಗುವ ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿಗೆ ಪ್ರತಿ ಕಳುಹಿಸಿ. ಪ್ರತಿ ಸಲವೂ ಸ್ವೀಕೃತಿ ಪಡೆದುಕೊಳ್ಳಿ.

ಟೀಚರ್ ಒಬ್ಬರ ಮೇಲೇ ಇದೆಲ್ಲ ಹೊರೆಯಾಗಬಾರದು. ಮಕ್ಕಳ ಊಟ, ತೂಕ, ಪೋಷಣ್ ಟ್ರ್ಯಾಕರ್ ನಮೂದುಗಳಲ್ಲೇ ಅವರ ದಿನ ಕಳೆಯುತ್ತದೆ. ಆದ್ದರಿಂದ ಪ್ರತಿ ಊರಿನ ಸದಸ್ಯರಲ್ಲಿ ನಮ್ಮ ಕೋರಿಕೆ ಇಷ್ಟೇ: ನಿಮ್ಮ ಹತ್ತಿರದ ಅಂಗನವಾಡಿಗೆ ಒಮ್ಮೆ ಹೋಗಿ, ಟೀಚರ್ ಒಪ್ಪಿದರೆ ಅವರ ಮೊಬೈಲಿನಲ್ಲಿ ದೀಕ್ಷಾವನ್ನು ಕನ್ನಡಕ್ಕೆ ಹೊಂದಿಸಿಕೊಡಿ. ಹತ್ತು ಕಥೆಗಳನ್ನು ಬಣ್ಣದಲ್ಲಿ ಮುದ್ರಿಸಿ ಕೊಡಿ. ಮುಂದಿನ ತಾಯಂದಿರ ಸಭೆಗೆ ನೀವೂ ಹೋಗಿ, ಕನ್ನಡ ಮನೆಗಳ ಲೆಕ್ಕ ಬರೆದುಕೊಳ್ಳಿ.