ಬೆನ್ನಗೋಡೆಗಳ ಸೆರೆಮನೆ

ಅಂಡಮಾನಿನ ಸೆಲ್ಯುಲರ್ ಜೈಲಿಗೆ ಹೋದವರು ಗಲ್ಲುಗಂಬ ಎಲ್ಲಿ, ಎಣ್ಣೆಗಾಣ ಎಲ್ಲಿ ಎಂದು ಹುಡುಕುತ್ತಾರೆ. ಅವೂ ಇವೆ. ಆದರೆ ಮೊದಲು ಕಟ್ಟಡವನ್ನೇ ಸರಿಯಾಗಿ ನೋಡಬೇಕು. ಶಿಕ್ಷೆಯ ಅರ್ಧಪಾಲು ಅದರ ನಕ್ಷೆಯಲ್ಲೇ ಇತ್ತು.

1858ರಲ್ಲಿ ಸಿಪಾಯಿ ದಂಗೆಯ ಕೈದಿಗಳನ್ನು ಪೋರ್ಟ್ ಬ್ಲೇರ್‌ಗೆ ಸಾಗಿಸಿದಾಗ ಈ ಜೈಲು ಇರಲಿಲ್ಲ. ಸುತ್ತಲ ಕಡಲೇ ಗೋಡೆ. ಕೈದಿಗಳು ಕಾಡು ಕಡಿದರು, ರಸ್ತೆ ಹಾಕಿದರು. ಮೂರು ದಶಕ ಕಳೆಯುವಷ್ಟರಲ್ಲಿ ಕರಿನೀರಿನ ಶಿಕ್ಷೆಗೆ ಮೊದಲಿನ ಭಯ ಉಳಿದಿಲ್ಲವೆಂದು ಬ್ರಿಟಿಷ್ ಸರ್ಕಾರಕ್ಕೆ ಅನ್ನಿಸಿತು. ಬಂದವರನ್ನು ಮೊದಲು ಕೆಲಕಾಲ ಒಂಟಿಯಾಗಿ ಕೂಡಿಹಾಕಿ ಎಂದು ಅಧಿಕಾರಿಗಳಾದ ಲಯಾಲ್ ಮತ್ತು ಲೆತ್‌ಬ್ರಿಜ್ ವರದಿ ಕೊಟ್ಟರು. 1896ರಲ್ಲಿ ಶುರುವಾದ ಕಟ್ಟಡ 1906ಕ್ಕೆ ಮುಗಿಯಿತು. ಕಟ್ಟಿದವರೂ ಕೈದಿಗಳೇ.

ನಡುವೆ ಕಾವಲು ಗೋಪುರ, ಅದರಿಂದ ಚಾಚಿದ ಏಳು ಸಾಲು, ಮೂರು ಅಂತಸ್ತು, ಸುಮಾರು 700 ಕೋಣೆ. ಒಂದು ಸಾಲಿನ ಬಾಗಿಲುಗಳೆಲ್ಲ ಪಕ್ಕದ ಸಾಲಿನ ಬೆನ್ನಗೋಡೆಗೆ ಎದುರು. ಹಾಗಾಗಿ ಸರಳು ಹಿಡಿದು ನಿಂತರೂ ಎದುರಿಗೊಂದು ಮುಖ ಕಾಣದು. ಅಗುಳಿಯ ತುದಿ ಬಾಗಿಲಿನಾಚೆ ಗೋಡೆಯ ಗೂಡಿನೊಳಗೆ. ಕೈ ಹೊರಚಾಚಿದರೂ ಎಟುಕದು. ಗವಾಕ್ಷಿ ಆಳೆತ್ತರಕ್ಕಿಂತ ಮೇಲೆ. ಕಡಲ ದಂಡೆಯಲ್ಲೇ ಇದ್ದು ಕಡಲು ಕಾಣದ ಕೋಣೆಗಳು.

ಪ್ರವಾಸಿಗರು ಹೆಚ್ಚು ಮುಗಿಬೀಳುವುದು ವಿನಾಯಕ ಸಾವರ್ಕರ್ ಇದ್ದ ಕೋಣೆಗೆ. ಸರಿ, ನೋಡಲಿ. ಆದರೆ ಇಂದುಭೂಷಣ ರಾಯ್ ಎಂಬ ಕೈದಿ 1912ರಲ್ಲಿ ನೇಣು ಹಾಕಿಕೊಂಡದ್ದು, ಮತ್ತೊಬ್ಬ ಕೈದಿ ಉಲ್ಲಾಸ್ಕರ್ ದತ್ತ ಚಿತ್ತಸ್ವಾಸ್ಥ್ಯ ಕಳೆದುಕೊಂಡದ್ದು ಇಲ್ಲಿಯೇ. 1933ರ ಉಪವಾಸ ಸತ್ಯಾಗ್ರಹದಲ್ಲಿ ಭಗತ್ ಸಿಂಗರ ಒಡನಾಡಿ ಮಹಾವೀರ ಸಿಂಗ್‌ಗೆ ಮೂಗಿನ ಮೂಲಕ ಬಲವಂತವಾಗಿ ಹಾಲು ಸುರಿಯಲು ಹೋದರು; ಅದು ಶ್ವಾಸಕೋಶಕ್ಕೆ ಇಳಿದು ಅವರು ಸತ್ತರು. ಮೋಹನ ಕಿಶೋರ ನಮದಾಸ್, ಮೋಹಿತ್ ಮೊಯಿತ್ರ ಕೂಡ ಆಗಲೇ ತೀರಿಕೊಂಡರು. ಸತ್ಯಾಗ್ರಹ ಹೂಡಬೇಕಾದರೆ ಕೈದಿಗಳು ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸಿರಲೇಬೇಕು. ನಕ್ಷೆ ಸೋತದ್ದು ಅಲ್ಲಿ.

ಈಗ ಉಳಿದಿರುವುದು ಮೂರೇ ಸಾಲು. ಎರಡನೇ ಮಹಾಯುದ್ಧದಲ್ಲಿ ದ್ವೀಪ ಹಿಡಿದ ಜಪಾನೀಯರು ಎರಡು ಸಾಲು ಕೆಡವಿದರು. ಇನ್ನೆರಡನ್ನು ಸ್ವಾತಂತ್ರ್ಯದ ನಂತರ ನಾವೇ ಕೆಡವಿದೆವು. ತಡೆದವರು ಇಲ್ಲಿ ಹಿಂದೆ ಸೆರೆಯಲ್ಲಿದ್ದ ಹೋರಾಟಗಾರರು. ತಮ್ಮನ್ನು ಕೂಡಿಹಾಕಿದ್ದ ಗೋಡೆಗಳ ಪರವಾಗಿ ಅವರೇ ಸರ್ಕಾರಕ್ಕೆ ಮೊರೆಯಿಟ್ಟರು. 1979ರ ಫೆಬ್ರುವರಿ 11ರಂದು ಪ್ರಧಾನಿ ಮೊರಾರ್ಜಿ ದೇಸಾಯಿ ಇದನ್ನು ರಾಷ್ಟ್ರೀಯ ಸ್ಮಾರಕವಾಗಿ ಸಮರ್ಪಿಸಿದರು.

ಸಂಜೆಯ ಧ್ವನಿ-ಬೆಳಕು ಪ್ರದರ್ಶನ ಜನಪ್ರಿಯ. ನನಗೆ ಅದರ ಅಬ್ಬರ ಸ್ವಲ್ಪ ಹೆಚ್ಚೆನಿಸಿತು. ಬೆಳಗ್ಗೆಯೇ ಹೋಗಿ, ಮಾಳಿಗೆ ಹತ್ತಿ. ಎದುರು ಕಾಣುವ, 2018ರವರೆಗೆ ರಾಸ್ ಎನ್ನುತ್ತಿದ್ದ ದ್ವೀಪದಲ್ಲಿ ಅಧಿಕಾರಿಗಳ ಚರ್ಚು, ಬೇಕರಿ, ನೃತ್ಯಶಾಲೆ ಇದ್ದವು. ಅಬರ್ಡೀನ್ ಜೆಟ್ಟಿಯಿಂದ ಅಲ್ಲಿಗೆ ದೋಣಿಗಳಿವೆ. ಜೈಲು ನೋಡಿದ ಮೇಲೆ ಅದನ್ನೂ ನೋಡಿ.