ಗಂಡಿಪೇಟೆಯ ನೀರು: ಎರಡು ದಿನ, ಐದು ಕೆರೆ

ಹೈದರಾಬಾದಿಗೆ ಬಂದು ನೆಲಸಿದ ಪ್ರತಿಯೊಬ್ಬ ಕನ್ನಡಿಗನೂ ಒಂದಲ್ಲ ಒಂದು ದಿನ ಕೇಳಿರುವ ಮಾತೊಂದುಂಟು: ‘ಗಂಡಿಪೇಟೆಯ ನೀರು ಕುಡಿದವನು ಈ ಊರನ್ನು ಬಿಟ್ಟು ಹೋಗಲಾರನು.’ ಉಡುಪಿಯ ಕಡೆಯಿಂದ ಹೋಟೆಲಿನ ಕೆಲಸಕ್ಕೆ ಬಂದವರು, ಬೀದರ, ಕಲಬುರಗಿ, ರಾಯಚೂರುಗಳಿಂದ ವಿದ್ಯಾಭ್ಯಾಸಕ್ಕೂ ನೌಕರಿಗೂ ಬಂದವರು, ‘ನಾಲ್ಕು ಕಾಸು ಕೂಡಿಸಿ ಊರಿಗೆ ಮರಳುತ್ತೇವೆ’ ಎನ್ನುತ್ತಲೇ ಇಲ್ಲಿ ಮಕ್ಕಳ ಮದುವೆ ಮಾಡಿದರು, ಮೊಮ್ಮಕ್ಕಳನ್ನು ಕಂಡರು. ಈ ಮಾತು ಸುಳ್ಳೆಂದು ಹೇಳುವ ಧೈರ್ಯ ನಮಗಿಲ್ಲ. ಆದರೆ ಆ ನೀರು ಎಲ್ಲಿ ನಿಂತಿದೆ, ಅದನ್ನು ಹಿಡಿದು ನಿಲ್ಲಿಸಿದವರು ಯಾರು ಎಂಬುದನ್ನು ಕಣ್ಣಾರೆ ಕಂಡುಬಂದ ನಮ್ಮವರು ಎಷ್ಟು ಮಂದಿ? ಈ ಪ್ರಶ್ನೆಯ ಬೆನ್ನು ಹತ್ತಿ, ಕಳೆದ ಮಳೆಗಾಲವು ಮುಗಿದೊಡನೆ, ಒಂದು ಶನಿವಾರ ಮತ್ತು ಭಾನುವಾರ ನಾವು ನಾಲ್ವರು ಮಿತ್ರರು ಮೋಟಾರಿನಲ್ಲಿ ಐದು ಕೆರೆಗಳನ್ನು ಸುತ್ತಿ ಬಂದೆವು. ವಾಚಕರಲ್ಲಿ ಯಾರಿಗಾದರೂ ಉಪಯೋಗವಾದೀತೆಂದು ಅದರ ವೃತ್ತಾಂತವನ್ನು ಇಲ್ಲಿ ಬರೆಯುತ್ತಿದ್ದೇವೆ.

ಮಿತ್ರರಲ್ಲಿ ಒಬ್ಬರು ಬೀದರ ಜಿಲ್ಲೆಯ ನಿವೃತ್ತ ಮಾಸ್ತರರು. ಇನ್ನೊಬ್ಬರು ರಾಯಚೂರಿನ ವಕೀಲರು. ಮೂರನೆಯವರು ಕುಂದಾಪುರದ ಕಡೆಯವರು, ಇಲ್ಲಿ ಕಟ್ಟಡಗಳ ಗುತ್ತಿಗೆ ಹಿಡಿಯುವವರು. ಮೋಟಾರು ಅವರದು. ಬುತ್ತಿಯ ಭಾರ ನಮ್ಮದು. ಮಾಸ್ತರರ ಮನೆಯ ಜೋಳದ ರೊಟ್ಟಿ, ಶೇಂಗಾ ಹಿಂಡಿಗಳು ಸೇರಿದ್ದರಿಂದ ಉತ್ತರ, ದಕ್ಷಿಣಗಳೆರಡೂ ಒಂದೇ ಡಬ್ಬಿಯಲ್ಲಿ ಪ್ರಯಾಣ ಮಾಡಿದವು.

ಊರ ಮಗ್ಗುಲಲ್ಲಿ

ಶನಿವಾರ ಮಧ್ಯಾಹ್ನ ಮೊದಲು ನೋಡಿದುದು ಮೀರ್ ಆಲಂ ಕೆರೆ. ನೆಹರೂ ಪ್ರಾಣಿಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದೊಯ್ಯುವ ನಮ್ಮವರು ಅದರ ಪಕ್ಕದಲ್ಲಿಯೇ ಇರುವ ಈ ಕೆರೆಯತ್ತ ತಿರುಗಿ ನೋಡುವುದು ಅಪರೂಪ. 1804ರಿಂದ 1808ರವರೆಗೆ ಹೈದರಾಬಾದಿನ ದಿವಾನರಾಗಿದ್ದ ಮೀರ್ ಆಲಮರ ಹೆಸರು ಇದಕ್ಕೆ ಬಂದಿದೆ. ಇದರ ಕಟ್ಟೆಯು ನೇರವಾದ ಗೋಡೆಯಲ್ಲ. ಅರ್ಧಚಂದ್ರಾಕಾರದ 21 ಕಮಾನುಗಳನ್ನು ನೀರಿನ ಕಡೆಗೆ ಬೆನ್ನು ಮಾಡಿ ಸಾಲಾಗಿ ನಿಲ್ಲಿಸಿ ಕಟ್ಟಿದ ಕಟ್ಟೆ. ನೀರು ಒತ್ತಿದಷ್ಟೂ ಕಲ್ಲು ಕಲ್ಲನ್ನು ಬಿಗಿಯಾಗಿ ಹಿಡಿಯುತ್ತದೆ. ಗುತ್ತಿಗೆಯ ಮಿತ್ರರು ಬಹಳ ಹೊತ್ತು ಅದನ್ನೇ ನೋಡುತ್ತ ನಿಂತು, ‘ಇನ್ನೂರು ವರ್ಷದ ಹಿಂದಿನ ಕೆಲಸ! ನಾವು ಕಟ್ಟಿದ್ದು ಇಪ್ಪತ್ತು ವರ್ಷಕ್ಕೆ ಸೋರುತ್ತದೆ ಭಟ್ಟರೇ’ ಎಂದರು. ಕೆರೆಯ ಒಂದು ಪಕ್ಕದಲ್ಲಿ ಅಂತರಗಂಗೆ ಹಬ್ಬಿಕೊಂಡು ನೀರು ಕಾಣದಂತಾಗಿದ್ದುದು ಮನಸ್ಸಿಗೆ ಖೇದವನ್ನುಂಟುಮಾಡಿತು.

ಅಲ್ಲಿಂದ ಹಿಮಾಯತ್ ಸಾಗರಕ್ಕೂ, ಬಿಸಿಲು ಇಳಿಯುವ ಹೊತ್ತಿಗೆ ಗಂಡಿಪೇಟೆಗೂ ಹೋದೆವು. ಗಂಡಿಪೇಟೆಯ ಕೆರೆಗೆ ಉಸ್ಮಾನ್ ಸಾಗರವೆಂಬುದು ಸರಕಾರಿ ಹೆಸರು. ಜನರ ಬಾಯಲ್ಲಿ ಅದು ಗಂಡಿಪೇಟೆಯೇ. ಪಶ್ಚಿಮದ ಆಕಾಶವು ಕೆಂಪಾಗಿ, ನೀರಿನ ಮೇಲೆ ಬೆಳ್ಳಕ್ಕಿಗಳ ಸಾಲು ತಗ್ಗಿನಲ್ಲಿ ಹಾರುತ್ತಿದ್ದಿತು. ಅಷ್ಟು ದೊಡ್ಡ ನಗರದ ಸದ್ದು ಅಲ್ಲಿ ಕೇಳಿಸಲಿಲ್ಲ. ಆದರೆ ಕಣ್ಣೆತ್ತಿ ನೋಡಿದರೆ ದೂರದಲ್ಲಿ ಮುಗಿಲು ಮುಟ್ಟುವ ಹೊಸ ಮಹಡಿಗಳು ಒಂದರ ಹಿಂದೊಂದು ನಿಂತಿದ್ದವು.

ವಿಶ್ವೇಶ್ವರಯ್ಯನವರ ಲೆಕ್ಕ

ಈ ಎರಡು ಸಾಗರಗಳು ವಿನೋದಕ್ಕಾಗಿ ಹುಟ್ಟಿದುವಲ್ಲ, ಕಣ್ಣೀರಿನಿಂದ ಹುಟ್ಟಿದುವು. 1908ನೆಯ ಸೆಪ್ಟೆಂಬರ್ 28ರಂದು ಮೂಸಿ ನದಿಯು ಉಕ್ಕಿ ಹರಿದು ಹೈದರಾಬಾದನ್ನು ಹೊಕ್ಕಿತು. ಸತ್ತವರು ಸುಮಾರು 15,000 ಮಂದಿಯೆಂದು ಅಂದಾಜು. ಈಗಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿರುವ ಹುಣಿಸೆಯ ಮರವನ್ನೇರಿ ಸುಮಾರು 150 ಜನರು ಜೀವ ಉಳಿಸಿಕೊಂಡರೆಂಬುದು ಪ್ರಸಿದ್ಧವಾಗಿದೆ. ಆಗ ನಿಜಾಮರಾಗಿದ್ದವರು ಮೀರ್ ಮಹಬೂಬ್ ಅಲಿ ಖಾನರು. ಮುಂಬಯಿ ಸರಕಾರದ ಚಾಕರಿಯನ್ನು ಬಿಟ್ಟು ಪರದೇಶ ಪ್ರವಾಸದಲ್ಲಿದ್ದ ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರಿಗೆ ಇಲ್ಲಿಂದ ಕರೆ ಹೋಯಿತು. 1909ರಲ್ಲಿ ಬಂದು ಕೆಲವೇ ತಿಂಗಳುಗಳಲ್ಲಿ ತಮ್ಮ ಯೋಜನೆಯನ್ನು ಒಪ್ಪಿಸಿ, ಅದೇ ವರ್ಷದ ನವೆಂಬರಿನಲ್ಲಿ ಅವರು ಮೈಸೂರಿನ ಮುಖ್ಯ ಇಂಜಿನಿಯರರಾದರು.

ಅವರು ಕಂಡುಹಿಡಿದ ಕಾರಣವು ಇಂದಿಗೂ ಮನನಮಾಡತಕ್ಕದ್ದು. ಮೂಸಿಯ ಮೇಲ್ಸೀಮೆಯಲ್ಲಿ ಎಂಟುನೂರಕ್ಕೆ ಹತ್ತಿರ ಸಣ್ಣ ಕೆರೆಗಳಿದ್ದವು. ಮಳೆ ಸುರಿದ ಆ ದಿನ ಅವುಗಳಲ್ಲಿ 200ಕ್ಕೂ ಮೇಲ್ಪಟ್ಟು ಒಂದರಮೇಲೊಂದು ಒಡೆದು, ಆ ನೀರೆಲ್ಲ ಒಮ್ಮೆಗೇ ನಗರದ ಮೇಲೆ ಬಿದ್ದಿತು. ಆದುದರಿಂದ ಮೂಸಿಗೂ ಅದರ ಉಪನದಿಯಾದ ಈಸಿಗೂ ನಗರದ ಮೇಲ್ಗಡೆಯಲ್ಲಿ ಎರಡು ದೊಡ್ಡ ಜಲಾಶಯಗಳನ್ನು ಕಟ್ಟಿ, ಪ್ರವಾಹದ ಮುಖವನ್ನು ಅಲ್ಲಿ ತಡೆದು, ಮೆಲ್ಲಗೆ ಕೆಳಗೆ ಬಿಡಬೇಕೆಂಬುದು ಅವರ ಸಲಹೆ. ಉಸ್ಮಾನ್ ಸಾಗರವು 1920ರಲ್ಲಿಯೂ ಹಿಮಾಯತ್ ಸಾಗರವು 1927ರಲ್ಲಿಯೂ ಮುಗಿದವು. ಮೊದಲನೆಯದು ಸುಮಾರು 3.9 ಟಿ.ಎಂ.ಸಿ., ಎರಡನೆಯದು ಸುಮಾರು 2.97 ಟಿ.ಎಂ.ಸಿ. ನೀರನ್ನು ಹಿಡಿಯುತ್ತವೆ. ಪ್ರವಾಹವನ್ನು ತಡೆಯುವ ಕಟ್ಟೆಯೇ ಊರಿಗೆ ಕುಡಿಯುವ ನೀರನ್ನೂ ಕೊಟ್ಟಿತು. ಗಂಡಿಪೇಟೆಯ ನೀರು ಯಂತ್ರದ ಸಹಾಯವಿಲ್ಲದೆ, ಇಳಿಜಾರಿನಲ್ಲಿ ತಾನಾಗಿ ಹರಿದು ಆಸಿಫ್‌ನಗರದ ಶುದ್ಧೀಕರಣದ ತೊಟ್ಟಿಗಳನ್ನು ಸೇರುವಂತೆ ಏರ್ಪಾಡಾಗಿದೆ. 2004ರ ಬಳಿಕ ಕೃಷ್ಣೆಯ ನೀರೂ 2015ರ ಬಳಿಕ ಗೋದಾವರಿಯ ನೀರೂ ಈ ನಗರಕ್ಕೆ ಬಂದಿವೆ. ಆದರೆ ಅವನ್ನು ನೂರಾರು ಕಿಲೋಮೀಟರ್ ದೂರದಿಂದ ವಿದ್ಯುತ್ತಿನ ಬಲದಿಂದ ಮೇಲೆತ್ತಿ ತರಬೇಕು.

ನೀರಿನ ಬೆಲೆಯನ್ನು ಒಲೆಯ ಮುಂದೆ ನಿಂತವನು ಬೇಗ ತಿಳಿಯುತ್ತಾನೆ. ಕಲಬುರಗಿಯ ತೊಗರಿಬೇಳೆ ಎಷ್ಟು ಉತ್ತಮವಾದರೇನು, ಗಡಸು ನೀರಿನಲ್ಲಿ ಅದು ಬೇಯುವುದಿಲ್ಲ. ಚಹದ ಬಣ್ಣ ಕಪ್ಪಾಗುತ್ತದೆ, ರುಚಿ ಕೆಡುತ್ತದೆ. ಹಂಡೆಯ ತಳದಲ್ಲಿ ಸುಣ್ಣದಂತಹ ಪದರ ಕಟ್ಟುತ್ತದೆ. ನಾವು ಹೋಟೆಲನ್ನು ನಡೆಯಿಸುತ್ತಿದ್ದ ಕಾಲದಲ್ಲಿ ನಲ್ಲಿ ನಿಂತ ದಿನ ಟ್ಯಾಂಕರಿನ ನೀರು ತರಿಸಿದರೆ, ನಿತ್ಯದ ಗಿರಾಕಿಗಳು ಮೊದಲನೆಯ ಗುಟುಕಿಗೇ ಮುಖ ಸಿಂಡರಿಸಿ, ‘ಇವತ್ತು ಗಂಡಿಪೇಟೆ ಅಲ್ಲವೇ?’ ಎಂದು ಕೇಳುತ್ತಿದ್ದರು.

ಏರಿಯ ಮೇಲೆ ಎದ್ದ ವಾದ

ಗಂಡಿಪೇಟೆಯ ಏರಿಯ ಬಳಿ ಕುಳಿತು ತಿಂಡಿ ತಿನ್ನುತ್ತಿರುವಾಗ ಮಿತ್ರರಲ್ಲಿ ವಾದವೆದ್ದಿತು. ಈ ಎರಡು ಸಾಗರಗಳ ಸುತ್ತ 10 ಕಿಲೋಮೀಟರುಗಳೊಳಗೆ ಕಾರಖಾನೆ, ದೊಡ್ಡ ಹೋಟೆಲು, ವಸತಿ ಸಮುಚ್ಚಯಗಳು ಕೂಡದೆಂದು 1996ರಲ್ಲಿ ಸರಕಾರವು 111ನೆಯ ನಂಬರಿನ ಆಜ್ಞೆಯನ್ನು ಹೊರಡಿಸಿತ್ತು. 84 ಗ್ರಾಮಗಳು ಅದರೊಳಗೆ ಬಂದವು. 2022ರ ಏಪ್ರಿಲಿನಲ್ಲಿ ಹೊರಟ ಇನ್ನೊಂದು ಆಜ್ಞೆಯು ಆ ನಿರ್ಬಂಧಗಳನ್ನು ತೆಗೆಯಿತು. ಗುತ್ತಿಗೆಯ ಮಿತ್ರರು ಆ 84 ಗ್ರಾಮಗಳಲ್ಲೊಂದರಲ್ಲಿ ಮಗಳ ಮದುವೆಗಾಗಲೆಂದು ಸ್ವಲ್ಪ ಜಾಗ ಕೊಂಡಿದ್ದಾರೆ. ನಮ್ಮ ಬಾಂಧವರಲ್ಲಿ ಇಂಥವರು ಅವರೊಬ್ಬರೇ ಅಲ್ಲ.

‘ಇಪ್ಪತ್ತಾರು ವರ್ಷ ಆ ಹಳ್ಳಿಯ ರೈತ ತನ್ನ ಹೊಲವನ್ನು ಒಳ್ಳೆಯ ಬೆಲೆಗೆ ಮಾರಲಾರದೆ ಕುಳಿತ. ಪಕ್ಕದ ಊರಿನವನು ಕೋಟಿ ಎಣಿಸಿದ. ನೀವು ಕುಡಿಯುವ ನೀರಿಗೆ ಅವನೇಕೆ ದಂಡ ತೆರಬೇಕು?’ ಎಂಬುದು ಅವರ ಪ್ರಶ್ನೆ.

‘ಮೇಲಿನ ಹಳ್ಳಿಗಳೆಲ್ಲ ಕಾಂಕ್ರೀಟಾದರೆ ಕೆರೆಗೆ ಇಳಿಯುವುದು ನೀರಲ್ಲ, ಗಟಾರ. ಆಗ ಈ ಕಟ್ಟೆ ಇದ್ದೂ ಏನು ಫಲ?’ ಎಂದು ವಕೀಲರು.

ಇಬ್ಬರೂ ಬಿಟ್ಟುಕೊಡಲಿಲ್ಲ. ಕತ್ತಲಾಯಿತೆಂದು ಮಾಸ್ತರರು ಎಬ್ಬಿಸಿದರು.

ಕಾಕತೀಯರ ಸೀಮೆಗೆ

ಭಾನುವಾರ ಬೆಳಗಿನ ನಾಲ್ಕು ಗಂಟೆಗೆ ಹೊರಟು ವರಂಗಲ್ಲಿನ ಹೆದ್ದಾರಿಯನ್ನು ಹಿಡಿದೆವು. ಬೆಳಕು ಹರಿಯುವಾಗ ಭುವನಗಿರಿಯ ಕೋಟೆ ಕಂಡಿತು. ಮೊಟ್ಟೆಯನ್ನು ನೆಲದಲ್ಲಿ ಹೂಳಿದಂತಿರುವ ಒಂದೇ ಬಂಡೆಯ ಬೆಟ್ಟ. ಇದಕ್ಕೆ ಹೆಸರು ಬಂದುದು ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ತ್ರಿಭುವನಮಲ್ಲ ಆರನೆಯ ವಿಕ್ರಮಾದಿತ್ಯನಿಂದ. ಮಾಸ್ತರರಿಗೆ ಹಿಗ್ಗು, ಕಲ್ಯಾಣವೆಂದರೆ ಅವರ ಜಿಲ್ಲೆಯ ಬಸವಕಲ್ಯಾಣವೇ. ಮುಂದೆ ಆಲೇರಿನ ಬಳಿಯ ಕೊಲನುಪಾಕವು ನಮ್ಮ ವೀರಶೈವ ಬಾಂಧವರಿಗೆ ಕೊಲ್ಲಿಪಾಕಿಯೆಂದು ಪೂಜ್ಯವಾದ ಸ್ಥಳ. ಕಾಕತೀಯರೂ ಮೊದಲಿಗೆ ಕಲ್ಯಾಣದ ಚಾಲುಕ್ಯರ ಸಾಮಂತರಾಗಿದ್ದವರೇ. ಹನುಮಕೊಂಡದ ಸಾವಿರ ಕಂಬದ ಗುಡಿಯ 1163ರ ಶಾಸನವು ರುದ್ರದೇವನ ಸ್ವಾತಂತ್ರ್ಯವನ್ನು ಸಾರುತ್ತದೆ. ಹೀಗಿರಲು ಈ ನಾಡಿನಲ್ಲಿ ಕನ್ನಡಿಗನು ತೀರ ಪರಕೀಯನೇನಲ್ಲ.

ವರಂಗಲ್ಲನ್ನು ದಾಟಿ ಮುಲುಗಿನ ದಾರಿಯಲ್ಲಿ ಪಾಲಂಪೇಟೆಯನ್ನು ಸೇರಿದಾಗ ಹೊತ್ತು ಏರಿತ್ತು. ಗಣಪತಿದೇವನ ಸೇನಾಪತಿ ರೇಚರ್ಲ ರುದ್ರನು 1213ರಲ್ಲಿ ಕಟ್ಟಿಸಿದ ರುದ್ರೇಶ್ವರ ದೇವಾಲಯವು ಇಲ್ಲಿದೆ. ಶಿಲ್ಪಿಯ ಹೆಸರೆಂದು ಜನರು ನಂಬಿರುವ ‘ರಾಮಪ್ಪ’ ಎಂಬುದೇ ಗುಡಿಗೂ ಕೆರೆಗೂ ನಿಂತಿದೆ. ಕೆಂಪು ಮರಳುಗಲ್ಲಿನ ಗೋಡೆ, ಶಿಖರಕ್ಕೆ ನೀರಿನಲ್ಲಿ ತೇಲುವಷ್ಟು ಹಗುರವಾದ ಇಟ್ಟಿಗೆ, ಅಡಿಪಾಯದಲ್ಲಿ ಮರಳು. ಜಗುಲಿಯ ಕಂಬಗಳಿಂದ ಹೊರಚಾಚಿದ ಕಪ್ಪು ಶಿಲೆಯ ಮದನಿಕೆಯರನ್ನು ಕಂಡಾಗ ಬೇಲೂರಿನ ನೆನಪಾಗದಿರದು. ಈ ದೇವಾಲಯವು 2021ರಲ್ಲಿಯೂ ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿಯೂ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿದವು.

ಗುಡಿಯನ್ನು ನೋಡಿ ಹಿಂದಿರುಗುವವರೇ ಹೆಚ್ಚು. ಅದರಾಚೆಯ ಕೆರೆಯ ಏರಿಯನ್ನು ಹತ್ತಿದವರಿಗೆ ಇನ್ನೊಂದು ದೇವಾಲಯ ಕಾಣುತ್ತದೆ: ಒಂದು ಕಡೆ ಬೆಟ್ಟಗಳ ನಡುವೆ ನಿಶ್ಚಲವಾದ ನೀರು, ಇನ್ನೊಂದು ಕಡೆ ಕಣ್ಣು ಹಾಯುವಷ್ಟೂ ಬತ್ತದ ಹಸುರು. ಗುಡಿ, ಊರು, ಕೆರೆ ಇವು ಮೂರೂ ಕಾಕತೀಯರ ದೃಷ್ಟಿಯಲ್ಲಿ ಒಂದೇ ಕಾರ್ಯದ ಮೂರು ಅಂಗಗಳು.

ಲಕ್ನವರದಲ್ಲಿ

ಅಲ್ಲಿಂದ ಗೋವಿಂದರಾವುಪೇಟೆಯ ಕಡೆಗೆ ಸಾಗಿ, ಕಾಡಿನ ದಾರಿಯಲ್ಲಿ ಲಕ್ನವರವನ್ನು ತಲಪಿದೆವು. ಐದರಲ್ಲಿಯೂ ಸೌಂದರ್ಯದಲ್ಲಿ ಇದಕ್ಕೇ ಅಗ್ರಸ್ಥಾನ. ದಟ್ಟವಾದ ಕಾಡಿನ ಗುಡ್ಡಗಳು ಸುತ್ತಲೂ ಮುತ್ತಿಕೊಂಡಿವೆ. ನೀರಿನ ನಡುವೆ ಅಲ್ಲಲ್ಲಿ ದ್ವೀಪಗಳು. ಒಂದು ದ್ವೀಪಕ್ಕೆ ಉಕ್ಕಿನ ಹಗ್ಗಗಳ ತೂಗುಸೇತುವೆ. ಸೇತುವೆಯು ಹೆಜ್ಜೆಗೊಮ್ಮೆ ತೂಗಿದಾಗ ನಮ್ಮ ವಕೀಲರು ಕೋರ್ಟಿನಲ್ಲಿಯೂ ಹಿಡಿಯದಷ್ಟು ಭದ್ರವಾಗಿ ಹಗ್ಗವನ್ನು ಹಿಡಿದರು.

ಗುತ್ತಿಗೆಯ ಮಿತ್ರರ ಕಣ್ಣು ಮಾತ್ರ ಏರಿಯ ಮೇಲೆ. ‘ಗುಡ್ಡಗಳೇ ಗೋಡೆ. ಅವುಗಳ ನಡುವಣ ಸಂದುಗಳನ್ನಷ್ಟೇ ಮುಚ್ಚಿದ್ದಾರೆ. ಇಷ್ಟು ಸ್ವಲ್ಪ ಕೆಲಸಕ್ಕೆ ಇಷ್ಟು ನೀರು!’ ಎಂದು ಬೆರಗಾದರು. ಏರಿಯ ಕೆಳಗೆ ಗದ್ದೆಗೆ ನೀರು ತಿರುವುತ್ತಿದ್ದ ಮುದುಕರೊಬ್ಬರು ಸಿಕ್ಕರು. ನಮ್ಮಲ್ಲಿ ನೀರುಗಂಟಿಯೆನ್ನುವ ಕೆಲಸಕ್ಕೆ ತೆಲುಗರು ನೀರಟಿಯೆನ್ನುತ್ತಾರೆ; ಅವರ ತಂದೆ, ಅಜ್ಜಂದಿರು ಮಾಡಿದ ಕೆಲಸವದು. ಮಾಸ್ತರರು ತೆಲುಗಿನಲ್ಲಿ, ‘ತಾತ, ಈ ಕೆರೆ ಇಷ್ಟು ಕಾಲ ಹೇಗೆ ಉಳಿಯಿತು?’ ಎಂದು ಕೇಳಿದರು. ಮುದುಕರು ಏರಿಯನ್ನು ತೋರಿಸಲಿಲ್ಲ. ಕೈಯೆತ್ತಿ ಕಾಡನ್ನು ತೋರಿಸಿದರು. ‘ಅಲ್ಲಿ ಮರವಿದೆ ನಾಯನಾ. ಅದಕ್ಕೇ ಇಲ್ಲಿ ನೀರಿದೆ. ಅದು ಹೋದರೆ ಇಲ್ಲಿ ಹೂಳೇ.’

ಮಿತ್ರರು ಮರುಮಾತಾಡಲಿಲ್ಲ. ಮೋಟಾರು ವರಂಗಲ್ಲನ್ನು ದಾಟಿದ ಮೇಲೆ ಮಾತ್ರ, ‘ಎಲ್ಲ ಸರಿ ಭಟ್ಟರೇ, ನನ್ನ ಜಾಗದ ಬೆಲೆಯನ್ನು ಯಾರು ಕೊಡುತ್ತಾರೆ?’ ಎಂದರು.

ದಶವಂದದ ನ್ಯಾಯ

ಈ ಪ್ರಶ್ನೆಯನ್ನು ನಗೆಯಾಡಿ ತಳ್ಳಿಬಿಡುವುದು ನ್ಯಾಯವಲ್ಲ. ಅವರ ಜಾಗಕ್ಕಿಂತಲೂ ಆ 84 ಗ್ರಾಮಗಳ ರೈತನ ಹೊಲ ದೊಡ್ಡ ಮಾತು. ಇದಕ್ಕೆ ಹಿಂದಿನವರಲ್ಲಿ ಉತ್ತರವಿತ್ತು. ಕೆರೆಯನ್ನು ಕಟ್ಟಿ ಕಾಯುವವನಿಗೆ ಅದರ ಫಲದಲ್ಲಿ ಹತ್ತನೆಯ ಒಂದು ಪಾಲನ್ನು ಬಿಟ್ಟುಕೊಡುವ ಪದ್ಧತಿಯಿತ್ತು. ಕನ್ನಡದ ದಶವಂದ, ತೆಲುಗಿನ ದಶಬಂಧ ಎರಡೂ ಒಂದೇ. ನೀರಿನಿಂದ ಬದುಕುವವನು ನೀರನ್ನು ಉಳಿಸುವವನಿಗೆ ಋಣಿಯೆಂಬುದು ಅದರ ತಿರುಳು.

ಇಂದು ಗಂಡಿಪೇಟೆಯ ನೀರನ್ನು ಕುಡಿಯುವವರು ನಾವು. ಅದಕ್ಕಾಗಿ ಹೊಲವನ್ನು ಹೊಲವಾಗಿಯೇ ಇಟ್ಟುಕೊಂಡವರು ಅವರು. ನಗರದ ನೀರಿನ ತೆರಿಗೆಯಲ್ಲಿ ಒಂದು ಪಾಲು ಆ ಗ್ರಾಮಗಳಿಗೆ ವರ್ಷವರ್ಷವೂ ಸಲ್ಲಬೇಕು. ಹೊಲವನ್ನು ಮಾರದೆ ಉಳುವವನಿಗೆ ಮಾರಿದವನಷ್ಟೇ ಮರ್ಯಾದೆಯ ಜೀವನ ಸಿಕ್ಕಬೇಕು. ಹೋಟೆಲಿನವರು ನೀರನ್ನು ಹೆಚ್ಚು ಬಳಸುವವರು. ಆ ಪಾಲನ್ನು ಮೊದಲು ತೆರಬೇಕಾದವರೂ ನಾವೇ. ಹಾಗೆ ಮಾಡದೆ, ‘ಕಟ್ಟಬೇಡ’ ಎಂದು ಹೇಳುವುದಕ್ಕೆ ನಮಗೆ ಬಾಯಿಲ್ಲ. ಆದರೆ ಕಟ್ಟಿಬಿಟ್ಟರೆ ಆಗುವುದೇನು? 2020ರ ಅಕ್ಟೋಬರಿನ ಮಳೆಯಲ್ಲಿ ಹೈದರಾಬಾದಿನ ಕೆರೆಗಳು ಒಡೆದು ಬಡಾವಣೆಗಳು ಮುಳುಗಿದುದನ್ನು ಕಂಡಿದ್ದೇವೆ. 1908ರ ಪಾಠವು 112 ವರ್ಷಗಳ ಬಳಿಕವೂ ಹಳತಾಗಿರಲಿಲ್ಲ.

ಹೋಗಬಯಸುವವರಿಗೆ

ಅಕ್ಟೋಬರಿನಿಂದ ಜನವರಿಯವರೆಗೆ ಕೆರೆಗಳು ತುಂಬಿರುವ ಕಾಲ; ಬಿಸಿಲೂ ಹಿತವಾಗಿರುತ್ತದೆ. ಊರ ಮಗ್ಗುಲಿನ ಮೂರು ಕೆರೆಗಳಿಗೆ ಒಂದು ಮಧ್ಯಾಹ್ನ ಸಾಕು. ರಾಮಪ್ಪ, ಲಕ್ನವರಗಳು ಹೈದರಾಬಾದಿನಿಂದ ಸುಮಾರು 210ರಿಂದ 230 ಕಿಲೋಮೀಟರ್. ಮಕ್ಕಳೂ ವೃದ್ಧರೂ ಇದ್ದರೆ ವರಂಗಲ್ಲಿನಲ್ಲಿ ರಾತ್ರಿ ತಂಗುವುದು ಲೇಸು. ಬುತ್ತಿಯನ್ನು ಒಯ್ಯಿರಿ, ಎಲೆ, ಕಾಗದಗಳನ್ನು ಮರಳಿ ತನ್ನಿರಿ.

ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದವರೂ ನೃಪತುಂಗ ಶಾಲೆಯವರೂ ವರ್ಷಕ್ಕೊಮ್ಮೆ ನಮ್ಮ ಮಕ್ಕಳನ್ನು ಗಂಡಿಪೇಟೆಯ ಏರಿಯ ಬಳಿಗೆ ಕರೆದೊಯ್ಯಲೆಂದು ನಮ್ಮ ಬಿನ್ನಹ. ವಿಶ್ವೇಶ್ವರಯ್ಯನವರ ಹುಟ್ಟಿದ ದಿನವಾದ ಸೆಪ್ಟೆಂಬರ್ 15 ಅದಕ್ಕೆ ತಕ್ಕುದು. ಅಂದು ಭಾಷಣಗಳು ಸ್ವಲ್ಪ ಕಡಿಮೆಯಾದರೂ ಚಿಂತೆಯಿಲ್ಲ. ಮನೆಯ ನಲ್ಲಿಯಲ್ಲಿ ಬರುವ ನೀರು ಎಂತಹ ಕೆರೆಯಲ್ಲಿ, ಯಾರ ಹೊಲಗಳ ಮೇಲಿಂದ ಹರಿದು ಬಂದು ನಿಲ್ಲುತ್ತದೆಂಬುದನ್ನು ಹುಡುಗರು ಒಮ್ಮೆ ಕಂಡರೆ ಸಾಕು.